ಮರಳಿ ಬಂದ ಆಯುಷ್ಯ

ಮನುಷ್ಯನು ತನ್ನ ಆಯುಷ್ಯವನ್ನು ಕುರಿತು ಸಾಮಾನ್ಯವಾಗಿ ಚಿಂತಿಸುವುದಿಲ್ಲ. ಬಿತ್ತನೆ, ಸುಗ್ಗಿ, ಮಕ್ಕಳ ಮದುವೆ, ಸೊಸೈಟಿಯ ಸಾಲ ಇವುಗಳ ಲೆಕ್ಕದಲ್ಲಿ ವರ್ಷಗಳು ಉರುಳಿ ಹೋಗುತ್ತವೆಯೇ ಹೊರತು ವರ್ಷಗಳನ್ನೇ ಎಣಿಸುವವರು ವಿರಳ. ಎರೆಹೊಲದ ಬದುವಿನ ಮೇಲೆ ಎದೆ ಹಿಡಿದುಕೊಂಡು ಕುಳಿತ ದಿನ ಮಾತ್ರ ಆ ಎಣಿಕೆ ಥಟ್ಟನೆ ಪ್ರಾರಂಭವಾಗುತ್ತದೆ. ಬೈಲಹೊಂಗಲದ ಹತ್ತಿ ಬೆಳೆಗಾರನಿರಲಿ, ಕಿತ್ತೂರಿನ ಅಂಗಡಿಕಾರನಿರಲಿ, ಸವದತ್ತಿಯ ಶಾಲಾ ಮಾಸ್ತರನಿರಲಿ, ರಾಮದುರ್ಗದ ನೇಕಾರನಿರಲಿ, ಬೆಳಗಾವಿಯ ಅಥವಾ ಧಾರವಾಡದ ಆಸ್ಪತ್ರೆಯಲ್ಲಿ ಎದೆಯನ್ನು ತೆರೆಸಿಕೊಂಡು ಮರಳಿ ಬಂದವನು ವೈದ್ಯರನ್ನು ಕೇಳುವ ಪ್ರಶ್ನೆ ಒಂದೇ: “ಸಾಹೇಬರೇ, ಇನ್ನೆಷ್ಟು ವರ್ಷ?”

ಈ ಪ್ರಶ್ನೆ ಸಹಜವಾದುದು. ಅದನ್ನು ಹಳಿಯುವುದು ಸಲ್ಲದು. ಆದರೆ ಶಿವಶರಣರ ಮಾರ್ಗದಲ್ಲಿ ನಡೆಯುವ ಗೃಹಸ್ಥನಿಗೆ ಅದರ ಬೆನ್ನಲ್ಲೇ ಇನ್ನೊಂದು ಪ್ರಶ್ನೆ ಹುಟ್ಟಬೇಕು. ಹೀಗೆ ಮರಳಿ ಬಂದ ಆಯುಷ್ಯವು ಯಾರದು? ಮೊದಲನೆಯ ಪ್ರಶ್ನೆಗೆ ವೈದ್ಯಶಾಸ್ತ್ರವು ತಕ್ಕಮಟ್ಟಿಗೆ ಉತ್ತರ ಕೊಡಬಲ್ಲುದು. ಎರಡನೆಯದಕ್ಕೆ ಉತ್ತರವನ್ನು ಅವನವನೇ ಕಂಡುಕೊಳ್ಳಬೇಕು.

ಮೊದಲು ಈ ಚಿಕಿತ್ಸೆಯ ಸ್ವರೂಪವನ್ನು ತಿಳಿಯುವುದು ಯುಕ್ತ. ಹೃದಯವೆಂಬುದು ಒಂದು ಮುಷ್ಟಿಯಷ್ಟು ಗಾತ್ರದ ಮಾಂಸಖಂಡ. ಹಗಲಿರುಳೆನ್ನದೆ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುವ ಈ ಕಾಯಕಜೀವಿಯನ್ನು ಮುಟ್ಟುವ ಧೈರ್ಯ ಬಹುಕಾಲ ಯಾವ ಶಸ್ತ್ರವೈದ್ಯನಿಗೂ ಇರಲಿಲ್ಲ. ಬಡಿಯುತ್ತಿರುವುದನ್ನು ನಿಲ್ಲಿಸದೆ ಒಳಗೆ ಹೊಲಿಯುವುದು ಸಾಧ್ಯವಿಲ್ಲ, ನಿಲ್ಲಿಸಿದರೆ ಪ್ರಾಣ ನಿಲ್ಲುವುದಿಲ್ಲ. ಅಮೇರಿಕದ ಜಾನ್ ಗಿಬ್ಬನ್ ಎಂಬ ವೈದ್ಯರು ಅನೇಕ ವರ್ಷ ಶ್ರಮಿಸಿ, ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಕೆಲಹೊತ್ತು ತಾನೇ ವಹಿಸಿಕೊಳ್ಳುವ ಯಂತ್ರವೊಂದನ್ನು ರಚಿಸಿದರು. ೧೯೫೩ನೆಯ ಇಸವಿಯ ಮೇ ೬ರಂದು ಹದಿನೆಂಟು ವರ್ಷದ ಯುವತಿಯೊಬ್ಬಳ ಹೃದಯದ ರಂಧ್ರವನ್ನು ಆ ಯಂತ್ರದ ಸಹಾಯದಿಂದ ಮುಚ್ಚಿದರು. ಆ ಯುವತಿ ಮುಂದೆ ಅನೇಕ ದಶಕಗಳ ಕಾಲ ಬಾಳಿದಳು. ೧೯೬೭ರಲ್ಲಿ ರೆನೆ ಫವಲೊರೊ ಎಂಬವರು ಕಾಲಿನ ರಕ್ತನಾಳವನ್ನು ತೆಗೆದು ಹೃದಯದ ಕಟ್ಟಿಕೊಂಡ ನಾಳಕ್ಕೆ ಬಳಸುದಾರಿಯಾಗಿ ಜೋಡಿಸುವ ಪದ್ಧತಿಯನ್ನು ನೆಲೆಗೊಳಿಸಿದರು. ಜನರು ಬೈಪಾಸ್ ಎನ್ನುವುದು ಇದನ್ನೇ. ಭಾರತದಲ್ಲಿ ಡಾ. ಕೆ. ಎಂ. ಚೆರಿಯನ್ ಅವರು ೧೯೭೫ರಲ್ಲಿ ಈ ಚಿಕಿತ್ಸೆಯನ್ನು ಯಶಸ್ವಿಯಾಗಿ ಮಾಡಿದರು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಸಿದ್ಧವಾದ ಸ್ವದೇಶಿ ಹೃದಯ ಕವಾಟವನ್ನು ೧೯೯೦ರಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು. ಒಂದು ಕಾಲಕ್ಕೆ ಮದ್ರಾಸು, ಮುಂಬಯಿಗಳಲ್ಲಿ ಮಾತ್ರ ಸಾಧ್ಯವಿದ್ದುದು ಇಂದು ಬೈಲಹೊಂಗಲದ ರೈತನಿಗೆ ಒಂದು ತಾಸಿನ ದಾರಿಯಲ್ಲಿ ದೊರೆಯುತ್ತಿದೆ.

ಚಿಕಿತ್ಸೆಯ ಬಳಿಕ ಚೇತರಿಸಿಕೊಳ್ಳುವ ಕ್ರಮಕ್ಕೂ ಒಂದು ನಿಯಮವಿದೆ. ಎದೆಯ ನಡುವಣ ಎಲುಬನ್ನು ಸೀಳಿ, ಕೆಲಸ ಮುಗಿದ ಮೇಲೆ ಅದನ್ನು ಉಕ್ಕಿನ ತಂತಿಯಿಂದ ಬಿಗಿಯುತ್ತಾರೆ. ಒಂದೆರಡು ದಿನ ತೀವ್ರ ನಿಗಾ ಕೋಣೆ, ಒಟ್ಟು ಒಂದು ವಾರದಷ್ಟು ಆಸ್ಪತ್ರೆಯ ವಾಸ. ಎಲುಬು ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕು. ಪೂರ್ಣ ಗಟ್ಟಿಯಾಗಲು ಮೂರು ತಿಂಗಳಾಗಬಹುದು. ಅಲ್ಲಿಯವರೆಗೆ ನಾಲ್ಕೈದು ಕಿಲೋಗಿಂತ ಹೆಚ್ಚಿನ ಭಾರವನ್ನೆತ್ತಬಾರದು, ಬಾವಿಯಿಂದ ನೀರು ಸೇದಬಾರದು, ಕುಂಟೆ ನೇಗಿಲುಗಳನ್ನು ಮುಟ್ಟಬಾರದು, ಮೋಟಾರು ಸೈಕಲ್ ನಡೆಸಬಾರದು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಬೇಕು. ಮೊದಲು ಅಂಗಳದಲ್ಲಿ ನಾಲ್ಕು ಹೆಜ್ಜೆ, ಬಳಿಕ ಓಣಿಯ ತುದಿಯವರೆಗೆ, ಆಮೇಲೆ ಊರ ಗುಡಿಯವರೆಗೆ, ಹೀಗೆ ನಡಿಗೆಯನ್ನು ದಿನದಿನಕ್ಕೆ ಹೆಚ್ಚಿಸಿಕೊಳ್ಳಬೇಕು. ಈ ವಾರಗಳಲ್ಲಿ ನಿದ್ರೆ ಕೆಡುವುದು, ಬಾಯಿ ರುಚಿ ಇಲ್ಲದಿರುವುದು, ಕಾರಣವಿಲ್ಲದೆ ಕಣ್ಣಲ್ಲಿ ನೀರು ತುಂಬುವುದು ಬಹು ಜನರಲ್ಲಿ ಕಂಡುಬರುವ ಸಂಗತಿ. ಗಟ್ಟಿಮುಟ್ಟಾದ ಗೌಡನೊಬ್ಬನು ಮೊಮ್ಮಗನ ಮುಖ ನೋಡಿ ಅತ್ತರೆ ಮನೆಯವರು ಗಾಬರಿಯಾಗಬೇಕಾದುದಿಲ್ಲ, ನಗಲೂ ಬಾರದು. ದೇಹದ ಗಾಯದಂತೆ ಮನಸ್ಸಿನ ಗಾಯವೂ ಮಾಯಲು ಕಾಲ ಬೇಡುತ್ತದೆ. ತಿಂಗಳುಗಟ್ಟಲೆ ಕವಿದ ಮಂಕು ಹರಿಯದಿದ್ದರೆ ವೈದ್ಯರಿಗೆ ಹೇಳಬೇಕು.

ಇನ್ನು ವರ್ಷಗಳ ಮಾತು. ಪೂರ್ವಸಿದ್ಧತೆಯಿಂದ ಮಾಡಿದ ಬೈಪಾಸಿನಲ್ಲಿ ಮೊದಲ ತಿಂಗಳೊಳಗೆ ತೀರಿಕೊಳ್ಳುವವರು ಒಳ್ಳೆಯ ಆಸ್ಪತ್ರೆಗಳಲ್ಲಿ ನೂರಕ್ಕೆ ಒಂದಿಬ್ಬರು. ಹತ್ತು ವರ್ಷಗಳ ಬಳಿಕ ಹತ್ತು ಜನರಲ್ಲಿ ಸುಮಾರು ಏಳು ಜನ ಬದುಕಿರುತ್ತಾರೆ. ಚಿಕಿತ್ಸೆ ಪಡೆಯುವವರು ಬಹುತೇಕ ಅರವತ್ತರ ಆಸುಪಾಸಿನವರೆಂಬುದನ್ನು ನೆನೆದರೆ ಇದು ಸಣ್ಣ ಲಾಭವಲ್ಲ. ಎದೆಯೊಳಗಿನ ಧಮನಿಯನ್ನೇ ಜೋಡಿಸಿದ್ದರೆ ಅದು ಹತ್ತು ವರ್ಷಗಳ ಮೇಲೂ ನೂರರಲ್ಲಿ ತೊಂಬತ್ತು ಜನರಲ್ಲಿ ತೆರೆದೇ ಇರುತ್ತದೆ. ಕಾಲಿನಿಂದ ತೆಗೆದ ನಾಳಗಳಲ್ಲಿ ಅರ್ಧದಷ್ಟು ಆ ಅವಧಿಯಲ್ಲಿ ಕೆಡುತ್ತವೆ ಅಥವಾ ಮುಚ್ಚುತ್ತವೆ. ಲೋಹದ ಕವಾಟವು ಬಹುಕಾಲ ಬಾಳುತ್ತದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವಮಾನವಿಡೀ ಗುಳಿಗೆ ನುಂಗಿ ರಕ್ತವನ್ನು ಪರೀಕ್ಷಿಸಿಕೊಳ್ಳುತ್ತಿರಬೇಕು. ಪ್ರಾಣಿಜನ್ಯ ಕವಾಟವು ಹತ್ತು ಹದಿನೈದು ವರ್ಷಗಳಲ್ಲಿ ಸವೆಯುತ್ತದೆ. ಬಾಲ್ಯದಲ್ಲಿಯೇ ಹೃದಯದ ಸರಳ ರಂಧ್ರವನ್ನು ಮುಚ್ಚಿಸಿದ ಮಗುವಾದರೋ ಇತರರಂತೆಯೇ ಬಾಳಬಹುದು. ವಯಸ್ಸು, ಸಕ್ಕರೆ ರೋಗ, ಮೂತ್ರಪಿಂಡದ ಸ್ಥಿತಿ, ಹೃದಯದ ಉಳಿದ ಬಲ ಇವುಗಳ ಮೇಲೆ ಒಬ್ಬೊಬ್ಬರ ಲೆಕ್ಕ ಬೇರೆ ಬೇರೆ. ನೂರು ಜನರ ಸರಾಸರಿ ಹೇಳಬಲ್ಲ ಶಾಸ್ತ್ರವು ಮುಂದೆ ಕುಳಿತ ಒಬ್ಬನ ದಿನವನ್ನು ಹೇಳಲಾರದು.

ಇಲ್ಲಿಗೆ ವೈದ್ಯರ ಮಾತು ಮುಗಿಯುತ್ತದೆ. ಭಕ್ತರ ಸಂದೇಹಗಳು ಮೊದಲಾಗುತ್ತವೆ. ಆಯುಷ್ಯವು ಶಿವನಿತ್ತುದಾದರೆ ಶಸ್ತ್ರದಿಂದ ಅದನ್ನು ಹೆಚ್ಚಿಸುವುದು ಶಿವನ ಚಿತ್ತಕ್ಕೆ ವಿರುದ್ಧವಲ್ಲವೇ ಎಂದು ಕೆಲವು ಹಿರಿಯರು ಕೇಳುವುದುಂಟು. ಶರಣರ ದೃಷ್ಟಿಯಲ್ಲಿ ಈ ಶಂಕೆಗೆ ಆಧಾರವಿಲ್ಲ. ಅವರು ಕಾಯವನ್ನು ತೊರೆಯಬೇಕಾದ ಹೊಲಸೆಂದು ಬಗೆದವರಲ್ಲ. ಲಿಂಗವನ್ನು ಧರಿಸಿದ ಅಂಗವು ಪ್ರಸಾದಕಾಯವೆಂದೂ, ದೇವನಿರುವ ತಾಣವೆಂದೂ ತಿಳಿದವರು. ಗುಡಿಯ ಕಂಬವೊಂದು ಬಿರುಕು ಬಿಟ್ಟರೆ ಅದನ್ನು ಸರಿಪಡಿಸುವವನು ದೇವದ್ರೋಹಿಯಾಗುವನೇ? ಕಲ್ಯಾಣದ ಶರಣಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ಶರಣನಿದ್ದನು. ವೈದ್ಯವೇ ಆತನ ಕಾಯಕ. ಮದ್ದು ಕೊಡುವುದು ಶಿವನ ಇಚ್ಛೆಗೆ ಎದುರಾಗಿದ್ದರೆ ಆ ಕಾಯಕಕ್ಕೆ ಶರಣರ ನಡುವೆ ಸ್ಥಾನ ದೊರೆಯುತ್ತಿರಲಿಲ್ಲ. ಶಸ್ತ್ರವೈದ್ಯನ ಕೈಯೂ, ರಾತ್ರಿಯಿಡೀ ಎಚ್ಚರಿದ್ದು ಉಸಿರು ಎಣಿಸುವ ದಾದಿಯ ಕಣ್ಣೂ ಸತ್ಯಶುದ್ಧ ಕಾಯಕದ ರೂಪಗಳೇ.

ಆದರೆ ಇದರಿಂದ ಎಲ್ಲರೂ ಎಲ್ಲ ವಯಸ್ಸಿನಲ್ಲಿಯೂ ಶಸ್ತ್ರಕ್ಕೆ ಎದೆಯೊಡ್ಡಲೇಬೇಕೆಂದು ಅರ್ಥವಲ್ಲ. ಇಳಿವಯಸ್ಸಿನಲ್ಲಿ, ಅಪಾಯವು ಹಿರಿದೆಂದು ವೈದ್ಯರೇ ಹೇಳಿದಾಗ, ಇದ್ದಷ್ಟು ದಿನ ಗುಳಿಗೆಯಲ್ಲಿಯೇ ಕಳೆಯುವೆನೆಂದು ಸಮಾಧಾನದಿಂದ ನಿರ್ಧರಿಸಿದ ಹಿರಿಯನನ್ನು ಹೇಡಿಯೆನ್ನುವುದು ಅನ್ಯಾಯ. ಬದುಕನ್ನು ಕಾಪಾಡುವುದು ಭಕ್ತಿ. ಬದುಕಿಗೆ ಜೋತುಬೀಳುವುದು ಮೋಹ. ಇವೆರಡರ ಗಡಿಯನ್ನು ಅವರವರ ಅರುಹೇ ತೋರಿಸಬೇಕು.

ಎರಡನೆಯ ಸಂದೇಹವು ಇನ್ನೂ ಸೂಕ್ಷ್ಮವಾದುದು. ಇಷ್ಟಲಿಂಗವನ್ನು ಅಂಗದಿಂದ ಅಗಲಿಸಬಾರದೆಂಬುದು ಆಚಾರ. ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗುವ ಮೊದಲು ಮೈಮೇಲಿನ ಲೋಹವನ್ನೂ ದಾರವನ್ನೂ ತೆಗೆಯಬೇಕೆಂಬುದು ಆಸ್ಪತ್ರೆಯ ನಿಯಮ. ಇತರ ಚಿಕಿತ್ಸೆಗಳಲ್ಲಿ ಲಿಂಗವನ್ನು ಹೇಗಾದರೂ ಮೈಮೇಲೆ ಉಳಿಸಿಕೊಳ್ಳಬಹುದೇನೋ. ಇಲ್ಲಿ ಕೊಯ್ಯುವ ಸ್ಥಳವೇ ಕರಡಿಗೆ ತೂಗುವ ಸ್ಥಳ. ಐವತ್ತು ವರ್ಷ ಒಂದು ಕ್ಷಣವೂ ಅಗಲದಿದ್ದ ಲಿಂಗವನ್ನು ಅದೇ ಘಳಿಗೆಯಲ್ಲಿ, ಪ್ರಾಣಭಯದ ಘಳಿಗೆಯಲ್ಲಿ, ಬಿಚ್ಚಿ ಕೊಡುವಾಗ ಭಕ್ತನ ಕೈ ನಡುಗಿದರೆ ಆಶ್ಚರ್ಯವಿಲ್ಲ. ಲಿಂಗವಿಲ್ಲದ ಹೊತ್ತಿನಲ್ಲಿ ಪ್ರಾಣ ಹೋದರೆ ಗತಿಯೇನೆಂಬ ಅಳುಕು ಶಸ್ತ್ರದ ಅಳುಕಿಗಿಂತ ಹಿರಿದಾಗಿರುತ್ತದೆ.

ಇದಕ್ಕೆ ಶರಣಚರಿತೆಯಲ್ಲಿಯೇ ಸಮಾಧಾನವಿದೆ. ನುಲಿಯ ಚಂದಯ್ಯನವರು ಹಗ್ಗ ಹೊಸೆಯುವ ಕಾಯಕದವರು. ಒಮ್ಮೆ ಹುಲ್ಲು ಕೊಯ್ಯುತ್ತಿರುವಾಗ ಅವರ ಇಷ್ಟಲಿಂಗವು ಜಾರಿ ಬಿದ್ದಿತು. ಅವರು ಅದಕ್ಕಾಗಿ ನಿಲ್ಲದೆ ಹೊರೆಯನ್ನು ಹೊತ್ತು ಕಾಯಕಕ್ಕೆ ನಡೆದರು. ಲಿಂಗವೇ ಅವರ ಬೆನ್ನು ಹತ್ತಿ ಬಂದಿತೆಂದು ಚರಿತೆ ಹೇಳುತ್ತದೆ. ಲಿಂಗವನ್ನು ಅಲಕ್ಷಿಸಬೇಕೆಂಬುದು ಈ ಕಥೆಯ ತಾತ್ಪರ್ಯವಲ್ಲ. ಸತ್ಯದಲ್ಲಿ ನಿಂತವನನ್ನು ಲಿಂಗವು ಅಗಲುವುದಿಲ್ಲವೆಂಬುದೇ ಅದರ ತಿರುಳು. ಇಷ್ಟಲಿಂಗವು ಕರಸ್ಥಲದಲ್ಲಿ ಕಾಣುವುದಾದರೆ, ಪ್ರಾಣಲಿಂಗವು ಉಸಿರಿನಲ್ಲಿಯೂ ಭಾವಲಿಂಗವು ಅರಿವಿನಲ್ಲಿಯೂ ನೆಲೆಸಿದೆ. ಯಂತ್ರವು ಹೃದಯವನ್ನು ನಿಲ್ಲಿಸಬಲ್ಲುದು; ಭಾವದಲ್ಲಿ ನಿಂತ ಲಿಂಗವನ್ನು ಯಾವ ಶಸ್ತ್ರವೂ ಬಿಚ್ಚಲಾರದು. ಆದ್ದರಿಂದ ಭಕ್ತನು ಲಿಂಗವನ್ನು ಧರ್ಮಪತ್ನಿಯ ಅಥವಾ ಮಗನ ಕೈಗೆ ಶ್ರದ್ಧೆಯಿಂದ ಒಪ್ಪಿಸಿ ನಿಶ್ಚಿಂತನಾಗಿ ಒಳಗೆ ಹೋಗಬಹುದು. ಅವರು ಹೊರಗೆ ಲಿಂಗವನ್ನು ಕಾಯುತ್ತ ಕುಳಿತಿರುವುದೂ ಒಂದು ಪೂಜೆಯೇ. ಎಚ್ಚರವಾದ ಬಳಿಕ ವೈದ್ಯರ ಅನುಮತಿ ಪಡೆದು ಕರದಲ್ಲಿ ಧರಿಸಬೇಕು. ಗಾಯವು ಮಾಯುವವರೆಗೆ ಕರಡಿಗೆಯು ಎದೆಗೆ ಒರೆಸದಂತೆ ಶುಭ್ರವಾದ ಬಟ್ಟೆಯಲ್ಲಿ ಕಟ್ಟಿಕೊಳ್ಳುವುದು ಮೇಲು. ಗಾಯದ ಮೇಲೆ ವಿಭೂತಿಯನ್ನಾಗಲಿ ಅರಿಸಿನವನ್ನಾಗಲಿ ಹಚ್ಚಬಾರದು. ಪಾದೋದಕವೂ ಅಲ್ಲಿಗೆ ತಾಕಬಾರದು. ವಿಭೂತಿಗೆ ಹಣೆ ಇದೆ. ಗಾಯಕ್ಕೆ ಬೇಕಾದುದು ಶುಚಿತ್ವ.

ಮೂರನೆಯದು ಕಾಯಕದ ಪ್ರಶ್ನೆ. ದುಡಿಯದೆ ಉಣ್ಣಬಾರದೆಂದು ನಂಬಿದ ಒಕ್ಕಲಿಗನಿಗೆ ಮೂರು ತಿಂಗಳು ಹೊರಸಿನ ಮೇಲೆ ಕುಳಿತು ಉಣ್ಣುವುದು ಗಾಯಕ್ಕಿಂತ ಹೆಚ್ಚಿನ ನೋವು. ಮುಂಗಾರು ಹದ ತಪ್ಪುತ್ತಿರುವಾಗ ಸುಮ್ಮನಿರಲಾರದೆ ನಾಲ್ಕನೆಯ ವಾರಕ್ಕೇ ಹೊಲಕ್ಕಿಳಿದು ಎಲುಬನ್ನು ಸಡಿಲಿಸಿಕೊಂಡು ಮತ್ತೆ ಆಸ್ಪತ್ರೆಗೆ ಹೋಗುವ ಸ್ಥಿತಿ ಯಾರಿಗೂ ಬರಬಾರದು. ಆ ಮೂರು ತಿಂಗಳು ಎಲುಬು ಕೂಡಿಸುವುದೇ ಅವನ ಕಾಯಕ. ಹೇಳಿದಷ್ಟು ನಡೆಯುವುದು, ಹೇಳಿದ ಗುಳಿಗೆ ನುಂಗುವುದು, ಉಪ್ಪಿನಕಾಯಿಯನ್ನೂ ಹಪ್ಪಳವನ್ನೂ ದೂರವಿಡುವುದು, ಇವನ್ನು ನಿಷ್ಠೆಯಿಂದ ಮಾಡಿದವನು ಉಂಡ ರೊಟ್ಟಿ ಬಿಟ್ಟಿಯ ರೊಟ್ಟಿಯಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಒಂದುಂಟು. ಮೂರು ತಿಂಗಳ ವಿಶ್ರಾಂತಿಯನ್ನು ಮೂವತ್ತು ವರ್ಷಕ್ಕೆ ಹಿಗ್ಗಿಸಿಕೊಳ್ಳುವವರಿದ್ದಾರೆ. ಪ್ರೀತಿಯ ಹೆಸರಿನಲ್ಲಿ ಮನೆಯವರೇ ತಂದೆಯನ್ನು ಹೊರಸಿಗೆ ಕಟ್ಟಿಹಾಕುತ್ತಾರೆ. ಒಂದು ಕೊಡ ಎತ್ತಗೊಡುವುದಿಲ್ಲ, ಒಂದು ಮಾತು ಕೇಳುವುದಿಲ್ಲ. ಹೃದಯವನ್ನು ಸರಿಪಡಿಸಿದ್ದು ಬಡಿಯಲೆಂದೇ ಹೊರತು ಗಾಜಿನ ಪೆಟ್ಟಿಗೆಯಲ್ಲಿಡಲೆಂದಲ್ಲ. ನಿತ್ಯದ ನಡಿಗೆ, ಮಿತವಾದ ದುಡಿಮೆ ಇವು ಆಯುಷ್ಯವನ್ನು ಹೆಚ್ಚಿಸುತ್ತವೆಂಬುದು ವೈದ್ಯರ ಅನುಭವ. ಮೊದಲಿನಂತೆ ಗೊಬ್ಬರದ ಚೀಲ ಹೊರಲಾಗದಿದ್ದರೆ ಬೀಜ ಆರಿಸಬಹುದು, ಮಗ್ಗದ ಮುಂದೆ ಕೂರಲಾಗದಿದ್ದರೆ ಕಂಡಿಕೆ ಸುತ್ತಬಹುದು. ಕಾಯಕದಲ್ಲಿ ಹಿರಿದು ಕಿರಿದೆಂಬುದಿಲ್ಲ.

ಇನ್ನು ಮುಖ್ಯವಾದ ಪ್ರಶ್ನೆಗೆ ಬರಬಹುದು. ಮರಳಿ ಬಂದ ಆಯುಷ್ಯ ಯಾರದು? ಶಸ್ತ್ರಚಿಕಿತ್ಸೆಯ ದಿನ ಆ ದೇಹದೊಳಗೆ ಯಾರದೋ ರಕ್ತ ಹರಿದಿರಬಹುದು. ಕೊಟ್ಟವನ ಕುಲವನ್ನು ಆ ರಕ್ತದ ಚೀಲದ ಮೇಲೆ ಯಾರೂ ಬರೆದಿರುವುದಿಲ್ಲ. ಗುಂಪು ಕೂಡುವುದೇ ಎಂಬುದನ್ನಷ್ಟೇ ನೋಡುತ್ತಾರೆ. ಹರಳಯ್ಯ ಮಧುವರಸರ ಮನೆಗಳು ಬೀಗತನ ಬೆಳೆಸಿದ್ದಕ್ಕಾಗಿ ಹನ್ನೆರಡನೆಯ ಶತಮಾನದ ಕಲ್ಯಾಣವೇ ಹೊತ್ತಿ ಉರಿಯಿತು. ಶರಣರು ಚದುರಿ ಈ ನಾಡಿನ ಮಲಪ್ರಭೆಯ ದಂಡೆಗುಂಟ ಉಳವಿಯತ್ತ ನಡೆದರು. ಕಿತ್ತೂರಿನ ಸಮೀಪದ ಮುಗಟಖಾನ ಹುಬ್ಬಳ್ಳಿಯ ನದಿಯಲ್ಲಿರುವ ಗಂಗಾಂಬಿಕೆಯ ಐಕ್ಯಸ್ಥಳವು ಇಂದಿಗೂ ಆ ಸ್ಮರಣೆಯನ್ನು ಕಾದುಕೊಂಡಿದೆ. ಶರಣರು ಪ್ರಾಣ ಕೊಟ್ಟು ಸಾರಿದ ತತ್ತ್ವವು ಆಸ್ಪತ್ರೆಯ ಹಾಸಿಗೆಯ ಮೇಲೆ ಸದ್ದಿಲ್ಲದೆ ನಿಜವಾಗುತ್ತದೆ. ಅಪರಿಚಿತನ ರಕ್ತದಿಂದ ಬದುಕಿ ಬಂದವನು ಊರಿಗೆ ಮರಳಿ, ಹೊಸ್ತಿಲ ಹೊರಗೆ ನಿಂತವನನ್ನು ನೀನು ಯಾವ ಕುಲದವನೆಂದು ಕೇಳಿದರೆ, ಎದೆಯ ಗಾಯ ಮಾದರೂ ಎದೆ ಮಾಯಲಿಲ್ಲವೆಂದೇ ತಿಳಿಯಬೇಕು.

ಹಣದ ವಿಷಯವೂ ಹಾಗೆಯೇ. ೨೦೦೩ರಲ್ಲಿ ಸಹಕಾರಿ ಸಂಘಗಳ ರೈತರಿಗಾಗಿ ಯಶಸ್ವಿನಿ ಯೋಜನೆ ಪ್ರಾರಂಭವಾದಾಗ ಒಬ್ಬೊಬ್ಬನು ಕೊಟ್ಟದ್ದು ತಿಂಗಳಿಗೆ ಐದು ರೂಪಾಯಿ. ಕೊಟ್ಟವರಲ್ಲಿ ಬಹುಪಾಲು ಜನರಿಗೆ ಆ ವರ್ಷ ಯಾವ ಶಸ್ತ್ರಚಿಕಿತ್ಸೆಯೂ ಬೇಕಾಗಲಿಲ್ಲ. ಅವರ ಐದೈದು ರೂಪಾಯಿ ಕೂಡಿ ಯಾರದೋ ಎದೆ ಬಡಿಯಿತು. ಹೆಸರು ಆಧುನಿಕವಾದರೂ ಇದು ದಾಸೋಹವೇ ಸರಿ. ೨೦೧೮ರಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆಯ ನೆರವಿನಲ್ಲಿಯೂ ಇಡೀ ನಾಡಿನ ತೆರಿಗೆಯ ಪಾಲಿದೆ. ಹೀಗಿರುವಾಗ “ನನ್ನ ಪುಣ್ಯದಿಂದ ನಾನು ಬದುಕಿದೆ” ಎನ್ನುವುದು ಅರ್ಧ ಸತ್ಯ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮನವರು ಅದನ್ನು ಒಪ್ಪದೆ ಹೆಚ್ಚಾದುದನ್ನು ಮರಳಿ ಅಲ್ಲಿಯೇ ಸುರಿದು ಬರಹೇಳಿದರು. ಬೇಕಾದುದಕ್ಕಿಂತ ಹೆಚ್ಚಿಗೆ ಬಂದುದು ತಮ್ಮದಲ್ಲವೆಂಬುದು ಆ ತಾಯಿಯ ನಿಲುವು. ರೋಗದ ಲೆಕ್ಕದಲ್ಲಿ ಮುಗಿದೇ ಹೋಗಬೇಕಾಗಿದ್ದ ಬಾಳಿಗೆ ಹತ್ತು ವರ್ಷ ಕೂಡಿಬಂದರೆ ಅದು ಹೆಚ್ಚಿಗೆ ಬಂದ ಅಕ್ಕಿಯಂತೆ. ಅದನ್ನು ಕಣಜದಲ್ಲಿಟ್ಟು ಬೀಗ ಹಾಕಲಾಗದು, ಸಮಾಜಕ್ಕೆ ಮರಳಿ ಸುರಿಯಬೇಕು.

ಹೇಗೆ ಸುರಿಯಬೇಕೆಂಬುದಕ್ಕೆ ಈ ನೆಲವೇ ಉದಾಹರಣೆಯನ್ನು ಕೊಟ್ಟಿದೆ. ಸವದತ್ತಿ ತಾಲೂಕಿನ ಸಿರಸಂಗಿಯ ಲಿಂಗರಾಜ ದೇಸಾಯರು ೧೮೬೧ರಲ್ಲಿ ಜನಿಸಿ ೧೯೦೬ರಲ್ಲಿ ಲಿಂಗೈಕ್ಯರಾದರು. ನಾಲ್ವತ್ತೈದು ವರ್ಷದ ಆಯುಷ್ಯ. ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟು ಹೋದರು. ಆ ತ್ಯಾಗದ ನೆರಳಿನಲ್ಲಿ ಕಲಿತವರು ಎಷ್ಟೋ ಜನ. ಹತ್ತು ವರ್ಷಗಳ ತರುವಾಯ, ೧೯೧೬ರಲ್ಲಿ, ಏಳು ಜನ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು, ಆ ಸಂಸ್ಥೆ ೧೯೬೩ರಲ್ಲಿ ವೈದ್ಯಕೀಯ ಕಾಲೇಜನ್ನು ತೆರೆಯಿತು. ಇಂದು ಅದೇ ಸಂಸ್ಥೆಯ ಆಸ್ಪತ್ರೆಯಲ್ಲಿ ಈ ನಾಲ್ಕು ತಾಲೂಕುಗಳ ಜನರ ಹೃದಯಕ್ಕೆ ಚಿಕಿತ್ಸೆ ನಡೆಯುತ್ತಿದೆ. ತಾವು ಕಾಣಲಾರದ ಮಕ್ಕಳಿಗಾಗಿ ಕೊಟ್ಟವರ ದಾನದ ಮೇಲೆಯೇ ಇಂತಹ ಆಸ್ಪತ್ರೆಗಳು ನಿಂತಿವೆ. ೧೮೨೯ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ದೇಹವಿಟ್ಟ ಕಿತ್ತೂರು ಚೆನ್ನಮ್ಮನ ಸಮಾಧಿಯ ಮುಂದೆ ಕೈಮುಗಿಯುವವರಾರೂ ಆಕೆ ಎಷ್ಟು ವರ್ಷ ಬಾಳಿದಳೆಂದು ಎಣಿಸುವುದಿಲ್ಲ.

ಎಲ್ಲರೂ ಆಸ್ತಿ ಬರೆದುಕೊಡಬೇಕಾಗಿಲ್ಲ. ಬದುಕಿ ಬಂದವನು ಮೊದಲು ತನ್ನ ಮನೆಯನ್ನು ನೋಡಲಿ. ತಂದೆಗೆ ಎದೆನೋವು ಬಂದರೆ ಅದೇ ರಾತ್ರಿ ಗಾಡಿ ಮಾಡುವ ಮನೆಯವರು, ತಾಯಿ ಎದೆ ಉರಿ, ದಣಿವು ಎಂದರೆ ವಾಯುವೆಂದು ಹೇಳಿ ಓಮಿನ ನೀರು ಕುಡಿಸಿ ಮಲಗಿಸುತ್ತಾರೆ. ಹೆಂಗಸರಲ್ಲಿ ಹೃದಯರೋಗವು ಅನೇಕ ವೇಳೆ ದಣಿವು, ಉಬ್ಬಸ, ಬೆನ್ನುನೋವುಗಳ ವೇಷದಲ್ಲಿ ಬರುತ್ತದೆಂಬುದನ್ನು ಅರಿಯದವರು ಬಹಳ. ಹೆಣ್ಣು ಗಂಡೆಂಬ ಭೇದವು ಆತ್ಮಕ್ಕಿಲ್ಲವೆಂದು ಶರಣರು ಸಾರಿದರು. ಅವರ ಮಕ್ಕಳ ಮನೆಗಳಲ್ಲಿ ಹೃದಯಕ್ಕೆ ಆ ಭೇದವಿರಬಾರದು. ಮಕ್ಕಳ ಗಂಟಲುನೋವು, ಜ್ವರ, ಕೀಲುನೋವುಗಳನ್ನು ಅಲಕ್ಷಿಸುವುದರಿಂದಲೇ ಎಷ್ಟೋ ಕವಾಟಗಳು ಕೆಡುತ್ತವೆ. ಸಕಾಲದ ಚುಚ್ಚುಮದ್ದು ಮುಂದೆ ಶಸ್ತ್ರವನ್ನೇ ತಪ್ಪಿಸಬಹುದು. ಇದನ್ನು ನಾಲ್ಕು ಮನೆಗೆ ತಿಳಿಸುವುದೂ ದಾಸೋಹ. ಕೊನೆಯದಾಗಿ ತಂಬಾಕು. ಇಷ್ಟು ಜನರ ರಕ್ತ, ಹಣ, ನಿದ್ರೆಗಳಿಂದ ಸರಿಯಾದ ಹೃದಯವನ್ನು ಹೊತ್ತುಕೊಂಡು ಮತ್ತೆ ಬೀಡಿ ಹಚ್ಚುವವನು, ಗುಟಕಾ ಹಾಕುವವನು ಪ್ರಸಾದವನ್ನು ತಿಪ್ಪೆಗೆ ಚೆಲ್ಲಿದಂತೆ. ಜೋಡಿಸಿದ ನಾಳಗಳನ್ನು ಬೇಗ ಮುಚ್ಚಿಸುವ ಶತ್ರುಗಳಲ್ಲಿ ಧೂಮಪಾನಕ್ಕೆ ಅಗ್ರಸ್ಥಾನ. ಪ್ರಸಾದದ ಮರ್ಯಾದೆಯನ್ನರಿತ ಭಕ್ತನಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

“ಇನ್ನೆಷ್ಟು ವರ್ಷ?” ಎಂಬ ಪ್ರಶ್ನೆ ಇಷ್ಟೆಲ್ಲ ಆದ ಮೇಲೆಯೂ ರಾತ್ರಿಯ ಹೊತ್ತು ಮತ್ತೆ ಬರುತ್ತದೆ. ಎದೆಯ ಬಡಿತ ತನಗೇ ಕೇಳಿಸುವ ಆ ನಿಶ್ಶಬ್ದದಲ್ಲಿ ಯಾವ ಉಪದೇಶವೂ ಅದನ್ನು ಪೂರ್ಣ ಓಡಿಸಲಾರದು. ಶರಣರು ಮರಣಕ್ಕೆ ಅಂಜದಿದ್ದುದು ಅವರ ಆಯುಷ್ಯ ದೀರ್ಘವಾಗಿದ್ದುದರಿಂದಲ್ಲ. ಅಂದಂದಿನ ದಿನವನ್ನು ಅಂದಂದೇ ಲಿಂಗಕ್ಕೆ ಅರ್ಪಿಸಿ ಮಲಗುತ್ತಿದ್ದುದರಿಂದ ಅವರ ಬಳಿ ಕಸಿದುಕೊಳ್ಳುವಂಥ ಬಾಕಿ ಏನೂ ಉಳಿದಿರುತ್ತಿರಲಿಲ್ಲ. ಎದೆಯ ಮೇಲಿನ ಗಾಯದ ಗೆರೆಯು ಸಾಯುವವರೆಗೂ ಅಳಿಯುವುದಿಲ್ಲ. ಮುಂಜಾನೆ ಲಿಂಗಪೂಜೆಗೆ ಕುಳಿತು ಕರಸ್ಥಲದ ಕಡೆಗೆ ತಲೆಬಾಗಿಸಿದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ. ಅದನ್ನು ಕಂಡು ಅಂಜುವವನಿಗೆ ಅದು ಮೃತ್ಯುವಿನ ಗುರುತು. ತಾನು ಎಷ್ಟು ಜನರ ಋಣದಲ್ಲಿ ಉಸಿರಾಡುತ್ತಿರುವೆನೆಂದು ನೆನೆದು ಎದ್ದು ಕಾಯಕಕ್ಕೆ ಹೋಗುವವನಿಗೆ ಅದು ದೀಕ್ಷೆಯ ಗುರುತು. ಮರಳಿ ಬಂದ ಆಯುಷ್ಯವು ಒಂದು ವರ್ಷದ್ದಾಗಲಿ, ಇಪ್ಪತ್ತು ವರ್ಷದ್ದಾಗಲಿ, ಹೀಗೆ ಬಾಳಿದವನಿಗೆ ಅದು ಸಾಕಷ್ಟಾಯಿತು.